ಅಗಸ್ತ್ಯರ ಆಫೀಸಿಗೊಂದು ಹೆಬ್ಬೆಟ್ಟು

ಓದು ಬಾರದವನನ್ನು ‘ಹೆಬ್ಬೆಟ್ಟು’ ಎಂದು ಹಂಗಿಸುವುದು ನಮ್ಮ ಕಡೆ ಹಳೇ ರೂಢಿ. ಬ್ಯಾಂಕಿನಲ್ಲಿ ಶಾಯಿ ಪ್ಯಾಡಿನ ಕಡೆ ಕೈಚಾಚುವ ಅಜ್ಜನನ್ನು ನೋಡಿ ಮುಸಿಮುಸಿ ನಗುವ ಮೊಮ್ಮಗನೇ ಮುಂದೆ ಇಂಜಿನಿಯರಿಂಗ್ ಮುಗಿಸುತ್ತಾನೆ, ಎಂಬಿಎ ಮುಗಿಸುತ್ತಾನೆ, ಮದುವೆಯೊಂದು ಬಿಟ್ಟು ಉಳಿದದ್ದೆಲ್ಲ ಮುಗಿಸುತ್ತಾನೆ. ಕೊನೆಗೊಂದು ದಿನ ಚಪ್ಪಲಿ ಹೊರಗೆ ಬಿಟ್ಟು, ಆಚೀಚೆ ನೋಡಿ, ಸದ್ದಿಲ್ಲದೆ ಬಲಗೈ ಹೆಬ್ಬೆರಳು ಒತ್ತಿ ಬರುತ್ತಾನೆ. ಒತ್ತಿದ್ದು ಬ್ಯಾಂಕಿನಲ್ಲಲ್ಲ, ಅಗಸ್ತ್ಯ ಮಹರ್ಷಿಗಳ ಆಫೀಸಿನಲ್ಲಿ. ಅಲ್ಲಿ ಪಿಎಚ್‌ಡಿ ಆದವರಿಗೂ ಸಹಿ ನಡೆಯುವುದಿಲ್ಲ. ಗಂಡಸಾದರೆ ಬಲ ಹೆಬ್ಬೆರಳು, ಹೆಂಗಸಾದರೆ ಎಡ ಹೆಬ್ಬೆರಳು. ಇಷ್ಟು ಸಿಕ್ಕರೆ ಸಾಕು. ನೀವು ಹುಟ್ಟುವುದಕ್ಕೆ ಎರಡು ಸಾವಿರ ವರ್ಷ ಮುಂಚೆಯೇ ನಿಮ್ಮ ಕಥೆಯನ್ನು ತಾಳೆಗರಿಯ ಮೇಲೆ ತಮಿಳು ಪದ್ಯದಲ್ಲಿ ಬರೆದಿಟ್ಟಿದ್ದಾರಂತೆ, ಹುಡುಕಿ ಓದಿ ಹೇಳುತ್ತಾರೆ. ಇದೇ ನಾಡಿ ಜ್ಯೋತಿಷ್ಯ.

ನನ್ನ ತಕರಾರು ಭವಿಷ್ಯದ ಬಗ್ಗೆ ಅಲ್ಲ, ಭಾಷೆಯ ಬಗ್ಗೆ. ಅಗಸ್ತ್ಯರು ನಮ್ಮವರಲ್ಲವೆ ಸ್ವಾಮಿ? ವಾತಾಪಿಯನ್ನು ಊಟ ಮಾಡಿ ಹೊಟ್ಟೆ ಸವರಿಕೊಂಡು ಅರಗಿಸಿಕೊಂಡ ಜಾಗ ನಮ್ಮ ಬಾದಾಮಿ ಎನ್ನುತ್ತೇವೆ, ಸಾಕ್ಷಿಗೆ ಅಗಸ್ತ್ಯತೀರ್ಥವೂ ಅಲ್ಲೇ ಇದೆ. ಕಮಂಡಲದಲ್ಲಿ ಕಾವೇರಿಯನ್ನು ಹಿಡಿದಿಟ್ಟು, ಅದು ಉರುಳಿ ಹೊಳೆಯಾಗಿ ಹರಿದದ್ದು ನಮ್ಮ ಕೊಡಗಿನಲ್ಲಿ. ಊಟ ನಮ್ಮಲ್ಲಿ, ನೀರು ನಮ್ಮದು. ಬರೆಯಲು ಕೂತಾಗ ಮಾತ್ರ ತಮಿಳು! ಕಾವೇರಿ ನ್ಯಾಯಮಂಡಳಿಯ ಮುಂದೆ ಈ ವಿಷಯವನ್ನು ಯಾರೂ ಎತ್ತಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

ಮರಾಠಿಗರೇನೂ ಕಡಿಮೆಯಿಲ್ಲ, ಅವರೂ ಅಗಸ್ತ್ಯರನ್ನು ಬಿಟ್ಟುಕೊಟ್ಟಿಲ್ಲ. ನಾನಿರುವ ನಾಸಿಕದಿಂದ ಅಷ್ಟೇನೂ ದೂರವಲ್ಲದ ಅಕೋಲೆಯಲ್ಲಿ, ಪ್ರವರಾ ನದಿಯ ದಂಡೆಯ ಮೇಲೆ ಅವರ ಆಶ್ರಮವಿದೆ. ಆ ತಾಲೂಕಿನ ಸಕ್ಕರೆ ಕಾರ್ಖಾನೆಗೂ ಅಗಸ್ತಿಗಳದೇ ಹೆಸರು. ಅದೆಲ್ಲ ಇರಲಿ, ನಾಸಿಕದ ಮಟ್ಟಿಗೆ ಅಗಸ್ತ್ಯರು ಮೊಟ್ಟಮೊದಲ ಸೈಟ್ ಏಜೆಂಟರು. ವಾಲ್ಮೀಕಿ ರಾಮಾಯಣದಲ್ಲಿ ರಾಮ ಬಂದು, ಗುಡಿಸಲು ಕಟ್ಟಿಕೊಂಡಿರಲು ಒಳ್ಳೇ ಜಾಗ ತೋರಿಸಿ ಎಂದಾಗ, ಇಲ್ಲಿಂದ ಎರಡು ಯೋಜನ ದೂರದಲ್ಲಿ ಪಂಚವಟಿ ಇದೆ, ಗೆಡ್ಡೆಗೆಣಸು ಹಣ್ಣು ನೀರು ಯಥೇಚ್ಛ, ಜಿಂಕೆಗಳೂ ಬೇಕಾದಷ್ಟಿವೆ ಎಂದು ವರ್ಣಿಸಿ ಕಳಿಸಿದವರು ಅವರೇ. ಜಿಂಕೆಗಳ ವಿಷಯ ಹೇಳಿದ ಋಷಿ, ಅದರಲ್ಲೊಂದು ಬಂಗಾರದ್ದು ಬರುತ್ತದೆ, ಹೆಂಡತಿ ಎಷ್ಟೇ ಹಟ ಹಿಡಿದರೂ ಹಿಂದೆ ಓಡಬೇಡ ಎಂದು ಒಂದು ಮಾತು ಸೇರಿಸಿದ್ದರೆ ರಾಮಾಯಣ ಅರಣ್ಯಕಾಂಡಕ್ಕೇ ಮುಗಿಯುತ್ತಿತ್ತು. ಬಹುಶಃ ರಾಮ ಹೆಬ್ಬೆಟ್ಟು ಒತ್ತಿರಲಿಕ್ಕಿಲ್ಲ.

ಸಾತಪುರ ಎಂಬುದು ನಾಸಿಕದ ಕಾರ್ಖಾನೆ ಪೇಟೆ. ಬೆಂಗಳೂರಿನ ಮೈಕೋ ಇಲ್ಲೊಂದು ಘಟಕ ತೆರೆದಿತ್ತು. ಈಗ ಅದರ ಹೆಸರು ಬಾಷ್ ಆಗಿದ್ದರೂ ಊರಿನವರ ಬಾಯಲ್ಲಿ ಮೈಕೋ ಸರ್ಕಲ್ ಹಾಗೇ ಉಳಿದಿದೆ. ಒಂದೇ ರಸ್ತೆ, ತ್ರ್ಯಂಬಕ್ ರೋಡು. ಬೆಳಗಿನ ಪಾಳಿಯ ಜನ ಅದರ ಮೇಲೆ ಕಾರ್ಖಾನೆಗೆ ಹೋಗುತ್ತಾರೆ, ದೇಶದ ಉಳಿದ ಜನ ಅದರ ಮೇಲೆ ದೋಷ ಕಳೆದುಕೊಳ್ಳಲು ಹೋಗುತ್ತಾರೆ. ನಾಸಿಕದಿಂದ 28 ಕಿಲೋಮೀಟರಿಗೆ ತ್ರ್ಯಂಬಕೇಶ್ವರ. ಅಲ್ಲಿ ಕಾಲಸರ್ಪ ಶಾಂತಿ, ತ್ರಿಪಿಂಡಿ ಶ್ರಾದ್ಧ, ಮೂರು ದಿನದ ನಾರಾಯಣ ನಾಗಬಲಿ. ಹಾಗಾಗಿ ನಾಸಿಕದಲ್ಲಿ ಮನೆ ಮಾಡಿದ ಕನ್ನಡಿಗನಿಗೆ ನೆಂಟರ ಬರ ಎಂಬುದಿಲ್ಲ. ವಿಜಯಪುರ, ಕಲಬುರಗಿ, ಬಾಗಲಕೋಟೆಯಲ್ಲಿ ಯಾರ ಜಾತಕದಲ್ಲಿ ರಾಹು ಕೆಮ್ಮಿದರೂ ನಮ್ಮ ಮನೆಯ ಗ್ಯಾಸ್ ಸಿಲಿಂಡರ್ ಬೇಗ ಖಾಲಿಯಾಗುತ್ತದೆ.

ಹಾಗೆ ಬಂದವರಲ್ಲಿ, ಅಕ್ಕನ ಸಮೇತ, ನಮ್ಮ ಭಾವ ಒಬ್ಬರು. ವಿಜಯಪುರ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ನಾಗಬಲಿ ಮುಗಿಸಿ ಮಾರನೇ ದಿನ ಊರಿಗೆ ಹೊರಡಬೇಕಿದ್ದವರು ಸಾತಪುರದ ಒಂದು ಅಪಾರ್ಟ್‌ಮೆಂಟಿನ ಗೇಟಿಗೆ ಕಟ್ಟಿದ ಬಟ್ಟೆ ಬೋರ್ಡು ಓದಿಬಿಟ್ಟರು. ಮಾಸ್ತರಿಕೆ ಮಾಡಿದವರ ಚಟ ಅದು, ಬೋರ್ಡು ಕಂಡರೆ ಓದಲೇಬೇಕು. ತಮಿಳುನಾಡಿನಿಂದ ನಾಡಿ ಓದುವವರು ಬಂದಿದ್ದಾರೆ, ಕೆಲವೇ ದಿನ ಇರುತ್ತಾರೆ ಅಂತಿತ್ತು.

“ಹೋಗಿ ಬರೂಣೇನೋ?” ಅಂದರು.

“ಈಗಷ್ಟೇ ನಾಗಬಲಿ ಆಗೇದಲ್ಲ ಭಾವ, ಇನ್ನ ಯಾವ ದೋಷ ಉಳದಾವು?” ಅಂದೆ.

“ಉಳದಾವೋ ಇಲ್ಲೋ ಅಂತ ನೋಡಾಕರ ಹೋಗಬೇಕಲ್ಲ!” ಅಂದರು. ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನ್ ಮಾಡುವ ನನಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಭಾವನ ಹೆಬ್ಬೆರಳಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ಅಂಗೈಯಲ್ಲಿ ತಂಬಾಕು-ಸುಣ್ಣ ಹಾಕಿ ತಿಕ್ಕಿ ತಿಕ್ಕಿ ಅದರ ಗೆರೆಗಳೆಲ್ಲ ಸವೆದು ಹೋಗಿವೆ. ಪಿಂಚಣಿಗೆಂದು ವರ್ಷಕ್ಕೊಮ್ಮೆ ‘ನಾನು ಜೀವಂತ ಇದ್ದೇನೆ’ ಎಂದು ಬೆರಳೊತ್ತಿ ತೋರಿಸಬೇಕಲ್ಲ, ಆಗ ಆಧಾರ್ ಮಷೀನು ಅವರನ್ನು ಗುರುತಿಸುವುದೇ ಇಲ್ಲ. ಒರೆಸಿ ಒತ್ತುತ್ತಾರೆ, ತೊಳೆದು ಒತ್ತುತ್ತಾರೆ, ಕೊಬ್ಬರಿ ಎಣ್ಣೆ ಸವರಿ ಒತ್ತುತ್ತಾರೆ. ಮಷೀನಿನ ಪ್ರಕಾರ ಎದುರಿಗೆ ನಿಂತ ಮನುಷ್ಯ ಇಲ್ಲ. ಅದೇ ಬೆರಳನ್ನು ಇಲ್ಲಿ ಒಂದು ಚೀಟಿಯ ಮೇಲೆ ಒತ್ತಿದರು. ನೋಡಿದರೆ ನೇರಳೆ ಬಣ್ಣದ ಒಂದು ಚುಕ್ಕೆ, ಅಷ್ಟೆ. ಸಹಾಯಕ ಅದನ್ನು ಬೆಳಕಿಗೆ ಹಿಡಿದು, ಇಂಥ ಶಂಖ, ಇಂಥ ಚಕ್ರ ಎಂದು ಏನೋ ಗುನುಗಿ ಒಳಗೆ ಹೋದ. ಭಾರತ ಸರ್ಕಾರಕ್ಕೆ ಸಿಗದ ನಮ್ಮ ಭಾವ ಅಗಸ್ತ್ಯರಿಗೆ ಒಂದೇ ಏಟಿಗೆ ಸಿಕ್ಕಿದರು.

ಹೆಬ್ಬೆರಳಿನ ರೇಖೆಯಲ್ಲಿ 108 ಬಗೆ ಎಂಬುದು ನಾಡಿಯವರ ಲೆಕ್ಕ. ನಿಮ್ಮದು ಯಾವ ಬಗೆಯೋ ಆ ಬಗೆಯ ಕಟ್ಟುಗಳಲ್ಲಿ ನಿಮ್ಮ ಗರಿ ಇರುತ್ತದೆ. ಬೆರಳಚ್ಚಿನ ವಿಂಗಡಣೆಯಲ್ಲಿ ನಾವು ಭಾರತೀಯರು ನಿಜಕ್ಕೂ ಗಟ್ಟಿಗರು, ಅದನ್ನು ಹೇಳಿಕೊಳ್ಳುವುದೇ ಇಲ್ಲ. ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು 1897ರಲ್ಲಿ, ಕಲ್ಕತ್ತೆಯಲ್ಲಿ. ಹತ್ತೂ ಬೆರಳುಗಳ ಸುಳಿ ನೋಡಿ ಜನರನ್ನು 1024 ಗುಂಪು ಮಾಡುವ ಗಣಿತ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್‌ಇನ್‌ಸ್ಪೆಕ್ಟರುಗಳು. ಹೆಸರು ಹೋದದ್ದು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಗೆ. ಆ ಇಬ್ಬರು ಹತ್ತು ಬೆರಳಿಟ್ಟುಕೊಂಡು ಮಾಡಿದ ಕೆಲಸವನ್ನು ನಾಡಿಯವರು ಒಂದೇ ಬೆರಳಲ್ಲಿ ಮುಗಿಸುತ್ತಾರೆ.

ನಾನು ಕೂತಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ದೇಶದ ಜನ 140 ಕೋಟಿ ಅಂತಿಟ್ಟುಕೊಂಡು 108ರಿಂದ ಭಾಗಿಸಿದರೆ ಒಂದೊಂದು ಬಗೆಗೆ ಸುಮಾರು 1 ಕೋಟಿ 30 ಲಕ್ಷ ಗರಿ. ಕಟ್ಟಿಗೆ ಐವತ್ತು ಗರಿ ಎಂದರೂ ಎರಡೂವರೆ ಲಕ್ಷಕ್ಕೂ ಮೇಲೆ ಕಟ್ಟು. ಊಟ-ನಿದ್ದೆ ಬಿಟ್ಟು ಸೆಕೆಂಡಿಗೊಂದು ಗರಿ ತಿರುವಿದರೂ 150 ದಿನ ಬೇಕು. ಸಹಾಯಕ ಒಳಗೆ ಹೋದವನು ನಾವು ಒಂದು ಚಹಾ ಮುಗಿಸುವಷ್ಟರಲ್ಲಿ ಮೂರು ಕಟ್ಟು ಹಿಡಿದು ಬಂದ! ಲೆಕ್ಕ ತೋರಿಸಿ ಕೇಳಿದೆ. ಅವನು ಸ್ವಲ್ಪವೂ ಅಳುಕಲಿಲ್ಲ. “ಎಲ್ಲರ ಗರಿ ಎಲ್ಲಿರುತ್ತದೆ ಸಾರ್? ಯಾರು ಬಂದು ಕೇಳಬೇಕು ಅಂತ ವಿಧಿ ಇದೆಯೋ ಅವರದಷ್ಟೇ ಬರೆದಿದ್ದಾರೆ. ಯಾವತ್ತು ಬರುತ್ತಾರೆ ಅನ್ನುವುದೂ ಬರೆದಿದೆ” ಅಂದ. ಗರಿ ಸಿಕ್ಕರೆ ನೀವು ಬರಬೇಕೆಂದಿತ್ತು. ಸಿಗದಿದ್ದರೆ ನಿಮ್ಮ ಕಾಲ ಇನ್ನೂ ಬಂದಿಲ್ಲ. ವಕೀಲರು ಇಂಥದೊಂದು ವಾದಕ್ಕೆ ಜೀವಮಾನವಿಡೀ ತಪಸ್ಸು ಮಾಡುತ್ತಾರೆ.

ಇನ್ನು ಓದುವ ಶಾಸ್ತ್ರ. ಎದುರಿಗೆ ಕೂತವನು ಮೂವತ್ತರ ಆಸುಪಾಸಿನ ಹುಡುಗ, ಹಣೆ ತುಂಬ ವಿಭೂತಿ, ಕೈಯಲ್ಲಿ ಗರಿಯ ಕಟ್ಟು. ಕಟ್ಟು ನಿಜವಾದದ್ದೇ, ಅದರಲ್ಲಿ ಸಂಶಯವಿಲ್ಲ. ಒಂದು ಗೇಣಿಗಿಂತ ಚೂರು ಉದ್ದ, ಎರಡು ಬೆರಳಗಲ. ಮೇಲೆ ಕೆಳಗೆ ಮರದ ಪಟ್ಟಿ, ನಡುವೆ ತೂತು ಕೊರೆದು ಪೋಣಿಸಿದ ದಾರ. ಅಂಚು ಹುಳ ತಿಂದು ಕೊತ್ತಂಬರಿ ಎಲೆಯ ಹಾಗೆ ಆಗಿದೆ. ಅಕ್ಷರಗಳು ಒತ್ತೊತ್ತಾಗಿ, ಪದಕ್ಕೂ ಪದಕ್ಕೂ ನಡುವೆ ಜಾಗವೇ ಇಲ್ಲ. ಹಳೇ ತಮಿಳು ಗರಿಗಳಲ್ಲಿ ವ್ಯಂಜನದ ಮೇಲಿನ ಚುಕ್ಕೆಯನ್ನೂ ಸಾಮಾನ್ಯವಾಗಿ ಇಡುತ್ತಿರಲಿಲ್ಲ; ಕಂಟದ ಮೊನೆಯಿಂದ ಚುಕ್ಕೆ ಇಡಲು ಹೋದರೆ ಗರಿಯೇ ತೂತು ಬಿದ್ದೀತು ಎಂದು. ಎ-ಏ, ಒ-ಓ ಭೇದವನ್ನೂ ಬರೆದು ತೋರಿಸುತ್ತಿರಲಿಲ್ಲ. ಓದುವವನೇ ಸಂದರ್ಭ ನೋಡಿ ಹೊಂದಿಸಿಕೊಳ್ಳಬೇಕು. ತಮಿಳು ಪಂಡಿತರೇ ಕನ್ನಡಕ ಒರೆಸಿಕೊಂಡು ಓದಬೇಕಾದ್ದನ್ನು ಈ ಹುಡುಗ ಬಸ್ಸಿನ ಬೋರ್ಡು ಓದಿದಷ್ಟು ಸಲೀಸಾಗಿ ಓದುತ್ತಿದ್ದ.

ಅವನು ತಮಿಳಿನಲ್ಲಿ ರಾಗವಾಗಿ ಒಂದು ಸಾಲು ಹೇಳುವುದು, ಸಹಾಯಕ ಅದನ್ನು ಹಿಂದಿಗೆ ತರುವುದು, ನಾನು ಅದನ್ನು ಕನ್ನಡ ಮಾಡಿ ಅಕ್ಕನಿಗೆ ಹೇಳುವುದು. ಅಗಸ್ತ್ಯರು ಹೊರಟದ್ದು ಪದ್ಯವಾಗಿ, ಅಕ್ಕನ ಕಿವಿ ಮುಟ್ಟಿದ್ದು ಹೌದು-ಇಲ್ಲ ಎಂದಾಗಿ. “ಬರೀ ಹೌದು ಅಥವಾ ಇಲ್ಲ ಅನ್ನಿ, ಬೇರೆ ಏನೂ ಹೇಳಬೇಡಿ” ಎಂಬುದು ಮೊದಲ ಷರತ್ತು. ಎಷ್ಟು ಪ್ರಾಮಾಣಿಕವಾಗಿ ಕಾಣುತ್ತದೆ ನೋಡಿ!

“ನೀವು ಮನೆಗೆ ಹಿರೇ ಮಗ?” ಇಲ್ಲ. ಗರಿ ಪಕ್ಕಕ್ಕೆ.

“ಅಕ್ಕಂದಿರು ಇದ್ದಾರೆ?” ಹೌದು. “ಇಬ್ಬರು?” ಇಲ್ಲ. ಗರಿ ಪಕ್ಕಕ್ಕೆ.

“ತಂದೆ ಈಗಿಲ್ಲ?” ಹೌದು. ಎಪ್ಪತ್ತರ ಹತ್ತಿರ ಬಂದವರ ತಂದೆ ಈಗಿಲ್ಲ ಎಂಬುದು ಗೊತ್ತಾಗಲು ಅಗಸ್ತ್ಯರೇ ಬೇಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಭಾವ ನನ್ನನ್ನು ದುರುಗುಟ್ಟಿ ನೋಡಿದರು. ಮನಸ್ಸಿನಲ್ಲಿ ಅಂದದ್ದು ಮುಖದ ಮೇಲೆ ಬಂದಿರಬೇಕು.

“ತಂದೆಯ ಹೆಸರು ‘ಪ’ ಅಕ್ಷರದಿಂದ ಶುರು?”

“ಇಲ್ರೀ, ‘ಬ’ದಿಂದ” ಅಂದುಬಿಟ್ಟರು ಭಾವ. ಬರೀ ಇಲ್ಲ ಅನ್ನಬೇಕಿತ್ತು. ಆದರೆ ನಲವತ್ತು ವರ್ಷ ಮಕ್ಕಳಿಗೆ ಕಾಗುಣಿತ ತಿದ್ದಿದ ಬಾಯಿ ಸುಮ್ಮನಿದ್ದೀತೆ?

“ಅದೇ, ಅದೇ! ತಮಿಳಿನಲ್ಲಿ ಎರಡಕ್ಕೂ ಒಂದೇ ಅಕ್ಷರ!” ಎಂದು ಸಹಾಯಕನ ಮುಖ ಅರಳಿತು. ಅದೂ ಸುಳ್ಳಲ್ಲ. ಪ, ಫ, ಬ, ಭ ನಾಲ್ಕಕ್ಕೂ ಅಲ್ಲಿ ಒಂದೇ ಗುರುತು. ಕವರ್ಗದ ನಾಲ್ಕಕ್ಕೂ ಹಾಗೇ, ತವರ್ಗಕ್ಕೂ ಹಾಗೇ. ಬಸಪ್ಪ, ಪರಪ್ಪ, ಭರಮಪ್ಪ, ಫಕೀರಪ್ಪ ಎಲ್ಲರೂ ಒಂದೇ ಬಾಗಿಲಲ್ಲಿ ಒಳಗೆ ಬರುತ್ತಾರೆ. ನಮ್ಮ ವಿಜಯಪುರದ ಕಡೆ ಆ ಬಾಗಿಲಲ್ಲಿ ಬರದವರು ಸಿಗುವುದೇ ಕಷ್ಟ. ಮುಂದೆ ಎರಡೇ ಗರಿ ತಿರುವುವುದರಲ್ಲಿ ತಂದೆಯ ಹೆಸರು ಪೂರ್ತಿ ಬಂತು. ಆಮೇಲೆ ತಾಯಿಯದು, ಆಮೇಲೆ ಅಕ್ಕನದು, ಕೊನೆಗೆ ಭಾವನದು. ತಮ್ಮ ಹೆಸರು ತಮಿಳು ರಾಗದಲ್ಲಿ ಕೇಳಿದಾಗ ಭಾವನ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದೆ. ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ಅಪ್ಪನ ಹೆಸರು ಅಂವಗ ಹ್ಯಾಂಗ ಗೊತ್ತಾತೋ?” ಅಂದರು.

“ನೀವs ಹೇಳಿದ್ರೆಲ್ಲ ಭಾವ.”

“ನಾ ಎಲ್ಲಿ ಹೇಳೇನಿ? ನಾ ಬರೇ ‘ಬ’ ಅಂದೇನಿ.”

ಇದೇ ನೋಡಿ ಇದರ ಕುಶಲತೆ. ಹೌದು-ಇಲ್ಲ ಎಂದರೆ ಏನೂ ಹೇಳಿದಂತಲ್ಲ ಎಂದು ನಮಗೆ ಅನಿಸುತ್ತದೆ. ಆದರೆ ಒಂದೊಂದು ಹೌದು-ಇಲ್ಲವೂ ಎದುರಿನ ಗುಂಪನ್ನು ಅರ್ಧಕ್ಕೆ ಕತ್ತರಿಸುತ್ತದೆ. ಹತ್ತು ಪ್ರಶ್ನೆಗೆ ಉತ್ತರ ಸಿಕ್ಕರೆ 1024 ಜನರಲ್ಲಿ ಒಬ್ಬನನ್ನು ಹೆಕ್ಕಬಹುದು, ಇಪ್ಪತ್ತಕ್ಕೆ ಹತ್ತು ಲಕ್ಷದಲ್ಲಿ ಒಬ್ಬ, ಮೂವತ್ತಕ್ಕೆ 107 ಕೋಟಿಯಲ್ಲಿ ಒಬ್ಬ. ಇನ್ನೊಂದು ಪ್ರಶ್ನೆ ಸೇರಿಸಿದರೆ ಇಡೀ ಭಾರತ ಅದರೊಳಗೆ ಹಿಡಿದು ಮೇಲೆ ಜಾಗ ಉಳಿಯುತ್ತದೆ. ಪ್ರಶ್ನೆಗಳು ಅಷ್ಟು ಅಚ್ಚುಕಟ್ಟಾಗಿ ಅರ್ಧ ಮಾಡುವುದಿಲ್ಲ, ಸರಿ. ಆದರೆ ನಮ್ಮ ಭಾವ ಕೊಟ್ಟ ಉತ್ತರಗಳೂ ಮೂವತ್ತಕ್ಕೆ ನಿಂತಿರಲಿಲ್ಲ, ಮೂರು ಕಟ್ಟು ತುಂಬ ಇದ್ದವು. ಜೊತೆಗೆ, ಸಿಗದ ಗರಿಗಳನ್ನು ಪಕ್ಕಕ್ಕಿಡುವಾಗ ಅವು ಬೇರೆ ಯಾರದೋ ಎಂದು ನಮಗೆ ಅನಿಸುತ್ತದಲ್ಲ, ಅದರಿಂದ ತಪ್ಪಿದ ಊಹೆಯೂ ಹುಡುಕಾಟದ ಲೆಕ್ಕಕ್ಕೇ ಸೇರುತ್ತದೆ. ಪಂಚಾಂಗದ ಜ್ಯೋತಿಷಿ ಒಂದು ಮಾತು ತಪ್ಪಿದರೆ ಮರ್ಯಾದೆ ಹೋಗುತ್ತದೆ; ಇಲ್ಲಿ ನಲವತ್ತು ಮಾತು ತಪ್ಪಿದರೆ, ಪಾಪ ಎಷ್ಟು ಕಷ್ಟಪಟ್ಟು ಹುಡುಕುತ್ತಿದ್ದಾರೆ ಎನ್ನುತ್ತೇವೆ.

ಹಾಗಂತ ಆ ಹುಡುಗ ಕಳ್ಳ ಎಂದು ನಾನು ಹೇಳುತ್ತಿಲ್ಲ. ಒಳಗೆ ಯಾವ ಗರಿಯಲ್ಲಿ ಏನು ಕೆತ್ತಿತ್ತೋ ತಮಿಳು ಬಾರದ ನಾನು ಹೇಗೆ ಹೇಳಲಿ? ನನ್ನ ಕುತೂಹಲವೆಲ್ಲ ನಮ್ಮ ಭಾವನ ಮೇಲೆ. 1948ರಲ್ಲಿ ಅಮೆರಿಕದ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಮಾಡಿ, ವಾರದ ನಂತರ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರದಿ ಕೊಟ್ಟ. ಎಷ್ಟು ಸರಿಯಾಗಿದೆ, ಐದಕ್ಕೆ ಅಂಕ ಹಾಕಿ ಅಂದ. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ವರದಿ, ಅದೂ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದು. ‘ನೀವು ಎಲ್ಲರಿಗೂ ಒಳ್ಳೇದು ಮಾಡಿದಿರಿ, ನಿಮಗೆ ಯಾರೂ ಮಾಡಲಿಲ್ಲ’ ಎಂಬ ವಾಕ್ಯ ನಮ್ಮ ಭಾವನ ಗರಿಯಲ್ಲೂ ಇತ್ತು. ಈ ವಾಕ್ಯವನ್ನು ಒಪ್ಪದ ಒಬ್ಬ ಮನುಷ್ಯನನ್ನು ನೀವು ನನಗೆ ತೋರಿಸಿ, ಅವರ ಕಾಲು ಮುಗಿಯುತ್ತೇನೆ.

ಇಲ್ಲೇ ಪಕ್ಕದ ಪುಣೆಯಲ್ಲಿ 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರರು ಜ್ಯೋತಿಷಿಗಳಿಗೇ ಪರೀಕ್ಷೆ ಇಟ್ಟಿದ್ದರು. ಜಾಣ ಮಕ್ಕಳ ಮತ್ತು ಬುದ್ಧಿಮಾಂದ್ಯ ಮಕ್ಕಳ ಜಾತಕ ಬೆರೆಸಿ, ಒಬ್ಬೊಬ್ಬರಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾರದ್ದು ಹೇಳಿ ಅಂದರು. ಕೊನೆತನಕ ನಿಂತು ಉತ್ತರ ಕಳಿಸಿದವರು 27 ಜನ. ಸರಿಯಾದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ಐವತ್ತರ ಸುತ್ತ ಬರುತ್ತಿತ್ತು. ನಾಣ್ಯಕ್ಕೆ ದಕ್ಷಿಣೆಯನ್ನೂ ಕೊಡಬೇಕಿರಲಿಲ್ಲ. ಅದು ಜಾತಕದ ಪರೀಕ್ಷೆ, ನಾಡಿಯದ್ದಲ್ಲ, ಒಪ್ಪುತ್ತೇನೆ. ನಾಡಿಗೆ ಪರೀಕ್ಷೆ ಇಡಬೇಕೆಂದರೆ ಬಹಳ ಸುಲಭ, ಬಂದವನು ಬಾಯಿ ಬಿಡದೆ ಕೂತರೆ ಸಾಕು. ಆದರೆ ಬಾಯಿ ಬಿಡದೆ ಕೂರುವ ಕನ್ನಡ ಮಾಸ್ತರನ್ನು ಎಲ್ಲಿಂದ ತರುವುದು?

ಇದರ ತವರು ವೈದೀಶ್ವರನ್ ಕೋಯಿಲ್, ತಮಿಳುನಾಡಿನ ಮಯಿಲಾಡುತುರೈ ಜಿಲ್ಲೆಯಲ್ಲಿ, ಶೀರ್ಕಾಳಿಯ ಹತ್ತಿರ. ಅಲ್ಲಿ ಶಿವ ವೈದ್ಯನಾಥ, ರೋಗ ಕಳೆಯುವ ದೇವರು. ಅಂಗಾರಕನಿಗೂ ಅದೇ ಕ್ಷೇತ್ರ. ಕುಜದೋಷದವರು, ಕಾಯಿಲೆಯವರು ಕೊಳಕ್ಕೆ ಬೆಲ್ಲ ಹಾಕಿ, ಉಪ್ಪು-ಮೆಣಸು ಒಪ್ಪಿಸಿ ಹೊರಗೆ ಬಂದರೆ ಬೀದಿಯುದ್ದಕ್ಕೂ ನಾಡಿಯ ಬೋರ್ಡುಗಳು. ಅಗಸ್ತ್ಯ ನಾಡಿ, ಕೌಶಿಕ ನಾಡಿ, ವಸಿಷ್ಠ ನಾಡಿ, ಶಿವ ನಾಡಿ, ಕಾಕಭುಜಂಡ ನಾಡಿ. ಗರಿಗಳೆಲ್ಲ ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿದ್ದವು, ಅರಸರು ನಕಲು ಮಾಡಿಸಿದರು, ಇಂಗ್ಲಿಷರು ಹರಾಜು ಹಾಕಿದರು, ನಮ್ಮ ಮುತ್ತಜ್ಜ ಕೊಂಡುಕೊಂಡ ಎಂಬುದು ಅವರು ಹೇಳುವ ವಂಶಾವಳಿ. ಅರಸರೆಂದರೆ ಇಲ್ಲಿಯ ಮರಾಠರೇ. 1798ರಿಂದ 1832ರವರೆಗೆ ಆಳಿದ ಎರಡನೇ ಸರ್ಫೋಜಿ. ಮಹಾರಾಜರು ಪುಸ್ತಕದ ಹುಚ್ಚಿನವರು ಎಂಬುದಂತೂ ನಿಜ. ಕಣ್ಣಿನ ರೋಗಿಗಳಿಗೆ ಮಾಡಿದ ಚಿಕಿತ್ಸೆಯ ವಿವರವನ್ನು ಚಿತ್ರ ಸಮೇತ ದಾಖಲೆ ಮಾಡಿಸಿಟ್ಟಿದ್ದಾರೆ. ಆ ಹಾಳೆಗಳಲ್ಲೂ ಮನುಷ್ಯರ ಹೆಸರಿದೆ, ದುಃಖವಿದೆ, ಪರಿಹಾರವಿದೆ. ವ್ಯತ್ಯಾಸ ಇಷ್ಟೆ: ರೋಗಿ ಬಂದು ಹೋದ ಮೇಲೆ ಬರೆದದ್ದು.

ತಾಳೆಗರಿಯ ಆಯುಷ್ಯವೂ ಅಗಸ್ತ್ಯರಷ್ಟಿಲ್ಲ. ಎಳೇ ಗರಿ ಕೊಯ್ದು, ಬೇಯಿಸಿ, ಒಣಗಿಸಿ, ಉಜ್ಜಿ ನಯ ಮಾಡಿ, ಕಬ್ಬಿಣದ ಕಂಟದಿಂದ ಕೊರೆದು, ಮೇಲೆ ದೀಪದ ಮಸಿ ಸವರಿ ಒರೆಸಿದರೆ ಅಕ್ಷರ ಕಪ್ಪಗೆ ಎದ್ದು ಬರುತ್ತದೆ. ಶ್ರೀತಾಳೆಯದಾದರೆ ಇನ್ನಷ್ಟು ಬಾಳಿಕೆ. ಮೂಡಬಿದಿರೆಯ ಜೈನಮಠದ ಧವಲಾ ಗ್ರಂಥಗಳು ಅಂಥ ಶ್ರೀತಾಳೆ ಗರಿಯವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ನಮ್ಮ ಸೆಕೆ, ಮಳೆ, ಗೆದ್ದಲುಗಳ ನಡುವೆ ಕೆಲವು ನೂರು ವರ್ಷ ಉಳಿದರೆ ಅದೇ ಭಾಗ್ಯ. ಮತ್ತೆ ಮತ್ತೆ ಯಾರಾದರೂ ಕೂತು ನಕಲು ಮಾಡಲೇಬೇಕು. ನಕಲು ಮಾಡುವವನಿಗೆ ಒಂದು ಮಧ್ಯಾಹ್ನ ನಿದ್ದೆ ಬಂದು ಒಂದು ಸಾಲು ಬಿಟ್ಟು ಹೋದರೆ ಯಾರದೋ ಒಂದು ಮದುವೆಯೇ ಮಾಯ!

ತಂಜಾವೂರಿನ ಗರಿ ಎಂದ ಕೂಡಲೆ ನನಗೆ ಬೇರೊಂದು ಕಟ್ಟಿನ ನೆನಪಾಗುತ್ತದೆ. 1905ರಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ಒಂದು ತಾಳೆಗರಿ ಕಟ್ಟು ತಂದು ಕೊಟ್ಟರು. 1891ರಲ್ಲಿ ಶುರುವಾದ ಗ್ರಂಥಾಲಯ ಅದು. ಅಲ್ಲಿ ಕೆಲಸಕ್ಕಿದ್ದ ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಕೌಟಿಲ್ಯನ ಅರ್ಥಶಾಸ್ತ್ರ! ಶತಮಾನಗಳಿಂದ ಹೆಸರು ಮಾತ್ರ ಕೇಳಿ, ಪುಸ್ತಕ ಕಳೆದೇ ಹೋಯಿತು ಎಂದುಕೊಂಡಿದ್ದ ಗ್ರಂಥ. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಕೊಟ್ಟ ಪಂಡಿತರ ಹೆಸರನ್ನು ಕೂಡ ಯಾರೂ ಬರೆದಿಟ್ಟಿಲ್ಲ. ತೆರಿಗೆ, ಗೂಢಚಾರರು, ಗಣಿ, ಆನೆ, ಮದ್ಯದಂಗಡಿ, ಲಂಚ ತಿನ್ನುವ ನೌಕರರು ಎಲ್ಲ ಆ ಗರಿಗಳಲ್ಲಿದ್ದವು. ಲಂಚದ ವಿಷಯಕ್ಕೆ ಬಂದರೆ ಅದು ಭವಿಷ್ಯವಾಣಿ ಎಂದೇ ಓದಬಹುದು. ಅದನ್ನು ಓದಲು ಶಾಮಶಾಸ್ತ್ರಿಗಳು ಯಾರಿಗೂ ಹೌದು-ಇಲ್ಲ ಕೇಳಬೇಕಾಗಿರಲಿಲ್ಲ.

ಈ ಮಾತನ್ನು ಭಾವನಿಗೆ ಹೇಳಿದೆ. ಮಾಸ್ತರಲ್ಲವೆ, ಗಮನವಿಟ್ಟು ಕೇಳಿದರು. ಕೇಳಿ, “ಅದರಾಗ ನಿಮ್ಮಪ್ಪನ ಹೆಸರು ಇತ್ತೇನು?” ಅಂದರು.

ಇತ್ತ ಸಹಾಯಕ ಕಾಂಡಗಳ ಪಟ್ಟಿ ಮುಂದಿಟ್ಟ. ಮೊದಲನೆಯದು ಸಾಮಾನ್ಯ ಕಾಂಡ, ಬದುಕಿನ ಒಟ್ಟು ಸಾರ. ಎರಡು ಕುಟುಂಬ, ಹಣ, ಮೂರು ಒಡಹುಟ್ಟಿದವರು, ನಾಲ್ಕು ತಾಯಿ, ಮನೆ, ವಾಹನ, ಐದು ಮಕ್ಕಳು, ಆರು ಸಾಲ, ರೋಗ, ಶತ್ರು, ಏಳು ಮದುವೆ. ಹೀಗೆ ಹನ್ನೆರಡರವರೆಗೆ ಜಾತಕದ ಹನ್ನೆರಡು ಮನೆ. ಒಂದೊಂದಕ್ಕೂ ಬೇರೆ ಬೇರೆ ದಕ್ಷಿಣೆ. ನಿಜವಾದ ರಸ ಇರುವುದು ಹದಿಮೂರನೆಯದರಲ್ಲಿ, ಶಾಂತಿ ಕಾಂಡ. ಹೋದ ಜನ್ಮದಲ್ಲಿ ಏನು ಪಾಪ ಮಾಡಿದ್ದಿರಿ, ಅದಕ್ಕೇನು ಪರಿಹಾರ ಎಂಬುದು ಅಲ್ಲಿದೆ. ಹದಿನಾಲ್ಕು ದೀಕ್ಷೆ, ಹದಿನೈದು ಔಷಧ.

ಮೊದಲ ಹನ್ನೆರಡರಲ್ಲಿ ಅಷ್ಟಿಷ್ಟು ತಪ್ಪು ಹಿಡಿಯಬಹುದು, ಈ ಜನ್ಮದ ಸಂಗತಿ. ಹದಿಮೂರರಲ್ಲಿ ಯಾರು ತಪ್ಪು ಹಿಡಿಯುತ್ತೀರಿ, ಹಿಡಿಯಿರಿ ನೋಡೋಣ! ನಮ್ಮ ಭಾವ ಹೋದ ಜನ್ಮದಲ್ಲಿ ಸಿರಿವಂತ ವ್ಯಾಪಾರಿಯಾಗಿದ್ದರಂತೆ. ತೂಕದಲ್ಲಿ ಮೋಸ ಮಾಡಿ ಒಬ್ಬ ವಿಧವೆಯ ಶಾಪ ತಗೊಂಡರಂತೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಈ ಜನ್ಮದಾಗ ಸಂತಿಗೆ ಹೋದ್ರ ಇವ್ರಿಗೇ ಎಲ್ಲಾರೂ ಮೋಸ ಮಾಡ್ತಾರ ನೋಡು, ಲೆಕ್ಕಾ ಸರೀ ಆತು” ಅಂದಳು. ನಾನು ಗಮನಿಸಿದ ಮಟ್ಟಿಗೆ ಹೋದ ಜನ್ಮದಲ್ಲಿ ಎಲ್ಲರೂ ಶ್ರೀಮಂತರು, ಪಂಡಿತರು, ಸೇನಾಪತಿಗಳು. ಹೋದ ಜನ್ಮದಲ್ಲೂ ನೀನು ಸಾತಪುರದಲ್ಲಿ ರಾತ್ರಿಪಾಳಿಯೇ ಮಾಡುತ್ತಿದ್ದೆ ಎಂದು ಯಾವ ಋಷಿಯೂ ಬರೆದದ್ದನ್ನು ನಾನು ಕೇಳಿಲ್ಲ.

ಪರಿಹಾರವಾಗಿ ತಮಿಳುನಾಡಿನ ಕೆಲವು ದೇವಸ್ಥಾನ, ಅಲ್ಲಿ ದೀಪ, ಅನ್ನದಾನ, ಹಸುವಿಗೆ ಬಾಳೆಹಣ್ಣು. “ನಾಗಬಲಿ ಈಗಷ್ಟೇ ಮಾಡಿಸಿದ್ದಾರಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವೆ?” ಎಂದು ನಾನು ಚೌಕಾಶಿಗೆ ಇಳಿದೆ. ಸಹಾಯಕ ಒಳಗೆ ಕೇಳಿ ಬಂದು, ಅದು ಬೇರೆ ಖಾತೆ ಅಂದ. ತ್ರ್ಯಂಬಕೇಶ್ವರದ ರಸೀದಿ ವೈದೀಶ್ವರನ್ ಕೋಯಿಲಿನಲ್ಲಿ ನಡೆಯುವುದಿಲ್ಲ ಎಂದಾಯಿತು. ಭಾವ ಎಲ್ಲವನ್ನೂ ಪಾಟಿ ತಿದ್ದುವ ಕೈಯಿಂದ ಅಂದವಾಗಿ ಡೈರಿಯಲ್ಲಿ ಬರೆದುಕೊಂಡರು, ‘ದೀಪ’ಕ್ಕೆ ದೀರ್ಘ ಕೊಡುವುದನ್ನು ಮರೆಯದೆ. ಮೊದಲೆಲ್ಲ ಓದಿದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕೊಡುತ್ತಿದ್ದರು, ಈಗ ನಮ್ಮ ಮೊಬೈಲಿಗೇ ಬಂತು. ಮನೆಗೆ ಹೋಗಿ ಭಾವ ಅದನ್ನು ಹಚ್ಚಿಕೊಂಡು ಕೂತರು. ತಮಿಳು ಒಂದಕ್ಷರ ಗೊತ್ತಿಲ್ಲ. ತಮ್ಮ ಹೆಸರು ಬಂದಾಗಲೆಲ್ಲ ತಲೆ ಎತ್ತಿ ಎಲ್ಲರ ಮುಖ ನೋಡುವರು.

ಅದಕ್ಕೂ ಮುಂಚೆ, ಹೊರಡುವ ಹೊತ್ತಿಗೆ ಹನ್ನೆರಡನೇ ಕಾಂಡದ ಮಾತು ಬಂತು. ಖರ್ಚು, ವಿದೇಶಯಾತ್ರೆ, ಮೋಕ್ಷ, ಮುಂದಿನ ಜನ್ಮ ಎಲ್ಲ ಅದರಲ್ಲೇ. ಖರ್ಚನ್ನೂ ಮೋಕ್ಷವನ್ನೂ ಒಂದೇ ಕಾಂಡದಲ್ಲಿ ಇಟ್ಟವರು ವ್ಯವಹಾರ ಬಲ್ಲವರು. ಭಾವ ದುಡ್ಡು ಕೊಟ್ಟರು, ಹುಡುಗ ಓದಿದ. ಮುಂದಿನ ಜನ್ಮದಲ್ಲಿ ದೊಡ್ಡ ನದಿಯ ದಂಡೆಯ ಊರಲ್ಲಿ, ಒಳ್ಳೇ ಮನೆತನದಲ್ಲಿ, ಗಂಡಾಗಿ ಹುಟ್ಟುತ್ತಾರೆ, ಸುಖವಾಗಿರುತ್ತಾರೆ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಅಕ್ಕ ನನ್ನ ಕಡೆ ತಿರುಗಿ, “ಅಂವಗ ಕೇಳು, ಆವಾಗೂ ಇವ್ರಿಗೆ ಹೇಣ್ತಿ ನಾನs ಏನು ಅಂತ” ಅಂದಳು.

ನಾನು ಹಿಂದಿಯಲ್ಲಿ ಕೇಳಿದೆ. ಸಹಾಯಕ ತಮಿಳಿನಲ್ಲಿ ಕೇಳಿದ. ಹುಡುಗ ಗರಿಯನ್ನು ಹಿಂದೆ ಮುಂದೆ ತಿರುವಿ, ಭಾವನ ಮುಖ ನೋಡಿ, ಅಕ್ಕನ ಮುಖ ನೋಡಿ, ಕಟ್ಟಿಗೆ ದಾರ ಸುತ್ತತೊಡಗಿದ.

“ಅದು ಏಳನೇ ಕಾಂಡದಲ್ಲಿ ಬರುತ್ತದಮ್ಮ” ಅಂದ ಸಹಾಯಕ. “ಅದಕ್ಕೆ ನಿಮ್ಮ ಎಡಗೈ ಹೆಬ್ಬೆರಳು ಬೇಕು. ಫೀ ಬೇರೆ.”